ಇತ್ಯರ್ಥವಾಗದ ಒಡೆತನ, ಜಾರಿಯಾದ ತಡೆಯಾಜ್ಞೆ: ವೆಟ್‌ಸುವೆಟೆನ್ ನಾಡಿನ ಕೊಳವೆಮಾರ್ಗ ಮೊಕದ್ದಮೆಗಳು



ನೆಲವೊಂದು ಯಾರದೆಂಬ ವ್ಯಾಜ್ಯ ಇನ್ನೂ ಬಗೆಹರಿಯದಿರುವಾಗಲೇ ಆ ನೆಲದ ಮೇಲಿನ ಕಾಮಗಾರಿಗೆ ಯಾರೂ ಅಡ್ಡಿಪಡಿಸಕೂಡದೆಂದು ನ್ಯಾಯಾಲಯವು ಆಜ್ಞೆ ಹೊರಡಿಸಿ, ಆ ಆಜ್ಞೆಯನ್ನು ಮೀರಿದವರನ್ನು ಅಪರಾಧಿಗಳೆಂದು ಸಾರಿದರೆ ಮೂಲ ವ್ಯಾಜ್ಯದ ಗತಿ ಏನಾಗುತ್ತದೆ ಎಂಬುದು ಈ ಉಪನ್ಯಾಸದ ಮುಖ್ಯ ಪ್ರಶ್ನೆ. ಕೆನಡಾ ದೇಶದ ಪಶ್ಚಿಮದಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವೆಟ್‌ಸುವೆಟೆನ್ ಎಂಬ ಮೂಲನಿವಾಸಿ ಜನಾಂಗಕ್ಕೂ ಕೋಸ್ಟಲ್ ಗ್ಯಾಸ್‌ಲಿಂಕ್ ಎಂಬ ಅನಿಲ ಕೊಳವೆಮಾರ್ಗದ ಯೋಜನೆಗೂ ನಡುವೆ ಒಂದು ದಶಕಕ್ಕೂ ಮೀರಿ ನಡೆದ ಸಂಘರ್ಷವನ್ನು ಈ ಪ್ರಶ್ನೆಯ ಪರಿಶೀಲನೆಗೆ ಆರಿಸಿಕೊಳ್ಳಲಾಗಿದೆ. ಈ ಆಯ್ಕೆಗೆ ಕಾರಣವಿದೆ. ಒಂದೇ ಜನಾಂಗ ಒಂದೇ ದೇಶದ ನ್ಯಾಯಾಂಗದ ಮುಂದೆ ಮೊದಲು ತನ್ನ ನೆಲವನ್ನು ಕೇಳುವ ವಾದಿಯಾಗಿ ನಿಂತು, ಎರಡು ದಶಕಗಳ ಬಳಿಕ ಅದೇ ನೆಲವನ್ನು ಬಿಟ್ಟು ಕದಲದ ಆರೋಪಿಯಾಗಿ ನಿಂತ ನಿದರ್ಶನ ಇಷ್ಟು ಸ್ಪಷ್ಟವಾಗಿ ಬೇರೆಡೆ ಸಿಗುವುದು ಅಪರೂಪ.

ವೆಟ್‌ಸುವೆಟೆನ್ ಜನರು ತಮ್ಮದೆಂದು ಹೇಳುವ, ಅವರ ನುಡಿಯಲ್ಲಿ ‘ಯಿಂತಾ’ ಎನಿಸಿಕೊಳ್ಳುವ ನಾಡು ಸುಮಾರು 22,000 ಚದರ ಕಿಲೋಮೀಟರುಗಳಷ್ಟು ವಿಶಾಲವಾದುದು. ಅದರ ನಡುವೆ ಹರಿಯುವ, ನಕಾಶೆಗಳಲ್ಲಿ ಮಾರಿಸ್ ಎಂದು ದಾಖಲಾಗಿರುವ ನದಿಯನ್ನು ಅವರು ವೆಡ್ಜಿನ್ ಕ್ವಾ ಎಂದು ಕರೆಯುತ್ತಾರೆ; ಸಾಲ್ಮನ್ ಮೀನು ಏರಿ ಬರುವ ಈ ನದಿಯೇ ಅವರ ಆಹಾರಕ್ಕೂ ಆಚರಣೆಗಳಿಗೂ ಆಧಾರ. ಜನಾಂಗವು ಐದು ಕುಲಗಳಾಗಿ, ಆ ಕುಲಗಳು ಒಟ್ಟು ಹದಿಮೂರು ಮನೆತನಗಳಾಗಿ ವಿಂಗಡವಾಗಿವೆ. ಕರಾವಳಿಯ ಅಳಿಯಸಂತಾನ ಪದ್ಧತಿಯಲ್ಲಿ ಬಳಿಯು ತಾಯಿಯಿಂದ ಬರುವಂತೆ ಇಲ್ಲಿಯೂ ಮಗುವಿನ ಕುಲ ನಿರ್ಧಾರವಾಗುವುದು ತಾಯಿಯಿಂದ. ಪ್ರತಿಯೊಂದು ಮನೆತನಕ್ಕೂ ಗೊತ್ತುಪಡಿಸಿದ ಸೀಮೆಯಿದ್ದು, ಆ ಸೀಮೆಯೊಳಕ್ಕೆ ಯಾರು ಬರಬಹುದು, ಯಾವ ಕಾಲದಲ್ಲಿ ಏನನ್ನು ಬೇಟೆಯಾಡಬಹುದು ಎಂಬುದನ್ನು ನಿರ್ಣಯಿಸುವ ಹೊಣೆ ಆ ಮನೆತನದ ವಂಶಪಾರಂಪರ್ಯ ಮುಖ್ಯಸ್ಥರದು. ಮುಖ್ಯಸ್ಥನ ಹೆಸರೆಂಬುದು ವ್ಯಕ್ತಿಯ ಹೆಸರಲ್ಲ, ಅದು ಪದವಿ. ‘ಬಾಲಾಟ್ಸ್’ ಎಂಬ ಔತಣಸಭೆಯಲ್ಲಿ, ಇತರ ಕುಲಗಳ ಸಾಕ್ಷಿಯಲ್ಲಿ ಅದು ಒಬ್ಬರಿಂದ ಮತ್ತೊಬ್ಬರಿಗೆ ದಾಟುತ್ತದೆ. ಸೀಮೆಯ ವಿವಾದಗಳು ತೀರುವುದೂ ಅಲ್ಲಿಯೇ. ಹೊರಗಿನವರಿಗೆ ಕೇವಲ ಹಬ್ಬದೂಟವೆಂಬಂತೆ ಕಾಣುವ ಈ ಸಭೆ ಆ ಜನರ ಪಾಲಿಗೆ ನೋಂದಣಿ ಕಚೇರಿಯೂ ಹೌದು, ನ್ಯಾಯಸ್ಥಾನವೂ ಹೌದು.

1763ರಲ್ಲಿ ಬ್ರಿಟನ್ನಿನ ರಾಜನು ಹೊರಡಿಸಿದ ಘೋಷಣೆಯೊಂದು ಉತ್ತರ ಅಮೆರಿಕದ ಮೂಲನಿವಾಸಿಗಳ ನೆಲವನ್ನು ರಾಜಪ್ರಭುತ್ವದೊಡನೆ ಆಗುವ ಬಹಿರಂಗ ಒಪ್ಪಂದದ ಮೂಲಕವಲ್ಲದೆ ಬೇರಾವ ರೀತಿಯಲ್ಲೂ ಪಡೆಯಕೂಡದೆಂಬ ತತ್ತ್ವವನ್ನು ಹಾಕಿಕೊಟ್ಟಿತ್ತು. ಕೆನಡಾದ ಅನೇಕ ಭಾಗಗಳಲ್ಲಿ, ಎಷ್ಟೇ ಅಸಮಾನವಾಗಿದ್ದರೂ, ಅಂಥ ಒಪ್ಪಂದಗಳು ನಡೆದವು. ಆದರೆ 1871ರಲ್ಲಿ ಕೆನಡಾ ಒಕ್ಕೂಟವನ್ನು ಸೇರಿದ ಬ್ರಿಟಿಷ್ ಕೊಲಂಬಿಯಾದಲ್ಲಿ ವ್ಯಾಂಕೂವರ್ ದ್ವೀಪದ ಕೆಲವು ಸ್ಥಳಗಳನ್ನೂ ಈಶಾನ್ಯ ಭಾಗವನ್ನೂ ಬಿಟ್ಟರೆ ಉಳಿದ ಬಹುಪಾಲು ನೆಲ ಯಾವ ಒಪ್ಪಂದವೂ ಇಲ್ಲದೆಯೇ ಸರ್ಕಾರದ ವಶದಲ್ಲಿದೆಯೆಂದು ಭಾವಿಸಲಾಯಿತು. ವೆಟ್‌ಸುವೆಟೆನ್ ಜನರು ತಮ್ಮ ನಾಡನ್ನು ಮಾರಿಲ್ಲ, ಬಿಟ್ಟುಕೊಟ್ಟಿಲ್ಲ, ಯುದ್ಧದಲ್ಲಿ ಸೋತು ಕಳೆದುಕೊಂಡೂ ಇಲ್ಲ. ಇದಕ್ಕೆ ಪ್ರತಿಯಾಗಿ ಅವರ ಸಂಸ್ಥೆಗಳನ್ನೇ ಅಳಿಸುವ ಶಾಸನಗಳು ಬಂದವು: ಇಂಡಿಯನ್ ಕಾಯಿದೆಗೆ ತಂದ 1884ರ ತಿದ್ದುಪಡಿಯೊಂದು ಔತಣಸಭೆಗಳನ್ನು ಅಪರಾಧವೆಂದು ಸಾರಿತು, 1927ರ ಇನ್ನೊಂದು ತಿದ್ದುಪಡಿ ಭೂಹಕ್ಕಿನ ವ್ಯಾಜ್ಯ ನಡೆಸಲು ಹಣ ಕೂಡಿಸುವುದನ್ನೂ ನಿಷೇಧಿಸಿತು. ಇವೆರಡೂ 1951ರವರೆಗೆ ಜಾರಿಯಲ್ಲಿದ್ದವು. ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು ಒಂದು ತಲೆಮಾರಿನ ಕಾಲ ಮುಚ್ಚಿಟ್ಟ ಪ್ರಭುತ್ವವೇ ಮುಂದೆ ಅದೇ ಜನರಿಗೆ ನ್ಯಾಯಾಲಯದ ಮರ್ಯಾದೆಯನ್ನು ಬೋಧಿಸಿತೆಂಬುದನ್ನು ಈ ವಿಷಯದ ಯಾವ ಚರ್ಚೆಯೂ ಮರೆಯಲಾಗದು.

1984ರಲ್ಲಿ ಗಿಟ್ಕ್ಸನ್ ಮತ್ತು ವೆಟ್‌ಸುವೆಟೆನ್ ಜನಾಂಗಗಳ ವಂಶಪಾರಂಪರ್ಯ ಮುಖ್ಯಸ್ಥರು ಒಟ್ಟುಗೂಡಿ ಸುಮಾರು 58,000 ಚದರ ಕಿಲೋಮೀಟರ್ ನೆಲದ ಒಡೆತನವನ್ನು ಸ್ಥಾಪಿಸಲು ಹೂಡಿದ ದಾವೆ ಡೆಲ್ಗಮೂಕ್ವ್ ಪ್ರಕರಣವೆಂದು ಪ್ರಸಿದ್ಧವಾಗಿದೆ. ವಿಚಾರಣೆ 374 ದಿನಗಳ ಕಾಲ ನಡೆಯಿತು. ಭೂದಾಖಲೆಗಳಿಲ್ಲದ ಜನರು ತಮ್ಮ ಒಡೆತನಕ್ಕೆ ಸಾಕ್ಷ್ಯವಾಗಿ ತಂದದ್ದು ಮನೆತನಗಳ ಚರಿತ್ರೆಯನ್ನು ಹೇಳುವ ಮೌಖಿಕ ಕಥನಗಳನ್ನು, ಲಾಂಛನಗಳನ್ನು, ಹಾಡುಗಳನ್ನು. ಗಿಟ್ಕ್ಸನ್ ಹಿರಿಯಳೊಬ್ಬಳು ತನ್ನ ಮನೆತನದ ಶೋಕಗೀತೆಯನ್ನು ಸಾಕ್ಷಿಕಟ್ಟೆಯಲ್ಲಿ ಹಾಡಲು ಮುಂದಾದಾಗ ನ್ಯಾಯಾಧೀಶರು ತಮಗೆ ಸಂಗೀತದ ಕಿವಿಯಿಲ್ಲವೆಂದೂ ಹಾಡಿನಿಂದ ಪ್ರಯೋಜನವಾಗದೆಂದೂ ಹೇಳಿದ ಸಂಗತಿ ದಾಖಲೆಯಲ್ಲಿ ಉಳಿದಿದೆ. ಆಕೆ ಹಾಡಿದಳು, 1991ರ ತೀರ್ಪು ಮಾತ್ರ ದಾವೆಯನ್ನು ವಜಾಗೊಳಿಸಿತು. ಬರೆಹವಿಲ್ಲದ, ಚಕ್ರದ ಬಂಡಿಯಿಲ್ಲದ ಜನರ ಬಾಳು ಕಷ್ಟಮಯವೂ ಅಲ್ಪಾಯುವೂ ಆಗಿತ್ತೆಂಬ ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿಯೊಬ್ಬನ ಕಲ್ಪನೆಯನ್ನು ಆ ತೀರ್ಪು ಆಧಾರವಾಗಿ ಬಳಸಿಕೊಂಡದ್ದು ಮಾನವಶಾಸ್ತ್ರಜ್ಞರ ತೀವ್ರ ಟೀಕೆಗೆ ಗುರಿಯಾಯಿತು.

ಮೇಲ್ಮನವಿಯ ಮೇಲೆ ಕೆನಡಾದ ಸರ್ವೋಚ್ಚ ನ್ಯಾಯಾಲಯವು 1997ರ ಡಿಸೆಂಬರ್ 11ರಂದು ನೀಡಿದ ತೀರ್ಪು ಜಗತ್ತಿನ ಮೂಲನಿವಾಸಿ ಕಾನೂನಿನ ಚರಿತ್ರೆಯಲ್ಲಿ ಒಂದು ಘಟ್ಟ. ಮುಖ್ಯ ನ್ಯಾಯಮೂರ್ತಿ ಆಂಟೋನಿಯೊ ಲಾಮರ್ ಬರೆದ ಪ್ರಧಾನ ಅಭಿಪ್ರಾಯವು ಮೌಖಿಕ ಚರಿತ್ರೆಯನ್ನು ಲಿಖಿತ ದಾಖಲೆಗೆ ಸರಿಸಮವಾಗಿ ಪರಿಗಣಿಸಬೇಕೆಂದಿತು. ಮೂಲನಿವಾಸಿ ಒಡೆತನವೆಂಬುದು ಬೇಟೆಯಾಡುವ ಅಥವಾ ಮೀನು ಹಿಡಿಯುವ ಅನುಮತಿಗಿಂತ ಮಿಗಿಲಾಗಿ ನೆಲದ ಮೇಲಿನ ಹಕ್ಕೇ ಆಗಿದೆಯೆಂದೂ, 1982ರ ಸಂವಿಧಾನ ಕಾಯಿದೆಯ 35ನೆಯ ವಿಧಿ ಅದನ್ನು ರಕ್ಷಿಸುತ್ತದೆಂದೂ ಹೇಳಿತು. ಆದರೆ ಮನೆತನಗಳ ಹೆಸರಿನಲ್ಲಿ ಹೂಡಿದ್ದ ದಾವೆಯನ್ನು ಮೇಲ್ಮನವಿಯ ಹಂತದಲ್ಲಿ ಜನಾಂಗಗಳ ಸಾಮೂಹಿಕ ದಾವೆಯಾಗಿ ಮಾರ್ಪಡಿಸಿದಾಗ ಅರ್ಜಿಯನ್ನು ಅದಕ್ಕೆ ತಕ್ಕಂತೆ ತಿದ್ದಿರಲಿಲ್ಲವೆಂಬ ಕ್ರಮದೋಷದ ಕಾರಣವನ್ನೂ, ಸಾಕ್ಷ್ಯವನ್ನು ಹೊಸದಾಗಿ ತೂಗಬೇಕಾದ ಅಗತ್ಯವನ್ನೂ ಮುಂದಿಟ್ಟು, ಒಡೆತನ ಯಾರದೆಂದು ತೀರ್ಮಾನಿಸದೆ ಮರುವಿಚಾರಣೆಗೆ ಆದೇಶಿಸಿತು. ಮಾತುಕತೆಯೇ ಲೇಸೆಂದು ಸಲಹೆಯನ್ನೂ ಇತ್ತಿತು. ಆ ಮರುವಿಚಾರಣೆ ನಡೆಯಲೇ ಇಲ್ಲ. ಹಕ್ಕಿನ ಸ್ವರೂಪವೇನೆಂದು ಹೇಳಿಯಾಯಿತು, ಹಕ್ಕುದಾರರು ಯಾರೆಂದು ಹೇಳುವುದು ಬಾಕಿ ಉಳಿಯಿತು. ಹದಿಮೂರು ವರ್ಷ ನ್ಯಾಯಾಲಯದಲ್ಲಿ ಹೋರಾಡಿದ ಜನಾಂಗವೊಂದನ್ನು ಹಾಗೆ ನಡುದಾರಿಯಲ್ಲಿ ನಿಲ್ಲಿಸಿದ್ದರ ಪರಿಣಾಮವೇ ಮುಂದಿನ ಎಲ್ಲ ಮೊಕದ್ದಮೆಗಳು ಎಂಬುದು ಈ ಉಪನ್ಯಾಸದ ಖಚಿತ ಅಭಿಪ್ರಾಯ.

ಕೋಸ್ಟಲ್ ಗ್ಯಾಸ್‌ಲಿಂಕ್ ಕೊಳವೆಮಾರ್ಗವು ಪ್ರಾಂತ್ಯದ ಈಶಾನ್ಯದ ಡಾಸನ್ ಕ್ರೀಕ್ ಆಸುಪಾಸಿನ ಅನಿಲ ಬಾವಿಗಳಿಂದ ಶಾಂತಸಾಗರದ ತೀರದ ಕಿಟಿಮ್ಯಾಟ್ ಬಂದರಿಗೆ ಸುಮಾರು 670 ಕಿಲೋಮೀಟರ್ ಉದ್ದಕ್ಕೆ ಹಾದುಹೋಗುತ್ತದೆ. ಅನಿಲವನ್ನು ಅಲ್ಲಿ ಶೈತ್ಯೀಕರಿಸಿ, ದ್ರವರೂಪಕ್ಕೆ ತಂದು, ಹಡಗುಗಳಲ್ಲಿ ಏಷ್ಯಾದ ಮಾರುಕಟ್ಟೆಗೆ ಕಳುಹಿಸುವುದು ಯೋಜನೆಯ ಉದ್ದೇಶ. ಮಾರ್ಗದುದ್ದಕ್ಕೂ ಇರುವ 20 ಮೂಲನಿವಾಸಿ ಸಮುದಾಯಗಳ ಚುನಾಯಿತ ಮಂಡಳಿಗಳು, ವೆಟ್‌ಸುವೆಟೆನ್ ಜನರ ಆರರಲ್ಲಿ ಐದು ಮಂಡಳಿಗಳೂ ಸೇರಿದಂತೆ, ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದ್ದವು. ಇದನ್ನು ಮರೆಮಾಚಿ ವಾದಿಸುವುದು ಅಪ್ರಾಮಾಣಿಕವಾದೀತು. ಉದ್ಯೋಗ, ವಸತಿ, ಕುಡಿಯುವ ನೀರು ಮುಂತಾದ ನಿತ್ಯದ ಕೊರತೆಗಳಲ್ಲಿ ಬೇಯುತ್ತಿರುವ ಸಮುದಾಯದ ಪ್ರತಿನಿಧಿಗಳು ಬರುವ ಆದಾಯವನ್ನು ನಿರಾಕರಿಸದಿದ್ದುದಕ್ಕೆ ಅವರನ್ನು ದೂಷಿಸುವ ಅಧಿಕಾರ ಹೊರಗಿನವರಿಗಿಲ್ಲ. ಆದರೆ ಈ ಮಂಡಳಿಗಳು 1876ರ ಇಂಡಿಯನ್ ಕಾಯಿದೆಯ ಸೃಷ್ಟಿ. ಅವುಗಳ ಆಡಳಿತ ವ್ಯಾಪ್ತಿ ಸರ್ಕಾರವು ಗುರುತಿಸಿಕೊಟ್ಟ ಸಣ್ಣ ಮೀಸಲು ಪ್ರದೇಶಗಳಿಗೆ ಸೀಮಿತ. ಆ ಮೀಸಲುಗಳ ಆಚೆಗಿನ ವಿಶಾಲವಾದ ಯಿಂತಾದ ಪರವಾಗಿ 1984ರಲ್ಲಿ ದಾವೆ ಹೂಡಿದವರು ವಂಶಪಾರಂಪರ್ಯ ಮುಖ್ಯಸ್ಥರು, ಸರ್ವೋಚ್ಚ ನ್ಯಾಯಾಲಯವು ವಾದ ಕೇಳಿದ್ದೂ ಅವರದನ್ನೇ. ಆ ಮುಖ್ಯಸ್ಥರು ಕೊಳವೆಮಾರ್ಗಕ್ಕೆ ಒಪ್ಪಲಿಲ್ಲ. ಬೇರೆ ಮಾರ್ಗವೊಂದನ್ನು ಅವರು ಸೂಚಿಸಿದರೂ, ಅದು ಹೆಚ್ಚು ದೂರದ್ದೂ ಹೆಚ್ಚು ದುಬಾರಿಯದೂ ಎಂದು ಕಂಪನಿ ತಿರಸ್ಕರಿಸಿತು.

2010ರ ಹೊತ್ತಿಗೇ ಯುನಿಸ್ಟೋಟೆನ್ ಎಂಬ ಮನೆತನದವರು ಫ್ರೀಡಾ ಹ್ಯೂಸನ್ ಅವರ ಮುಂದಾಳುತನದಲ್ಲಿ ವೆಡ್ಜಿನ್ ಕ್ವಾ ದಡದಲ್ಲಿ, ಉದ್ದೇಶಿತ ಮಾರ್ಗದ ಮೇಲೆಯೇ, ಮನೆ ಕಟ್ಟಿಕೊಂಡು ವಾಸ ತೊಡಗಿದರು. ಮುಂದೆ ಅಲ್ಲಿ ವಸಾಹತುಶಾಹಿಯ ಗಾಯಗಳಿಂದ ನೊಂದ ಜನರ ಚೇತರಿಕೆಗೆಂದು ಕೇಂದ್ರವೊಂದು ತಲೆಯೆತ್ತಿತು. 2018ರ ಕೊನೆಯಲ್ಲಿ ಗಿಡಿಮ್‌ಟೆನ್ ಕುಲದವರು ಅದೇ ರಸ್ತೆಯಲ್ಲಿ ಇನ್ನೊಂದು ತಪಾಸಣಾ ಠಾಣೆಯನ್ನು ಸ್ಥಾಪಿಸಿದರು. ಕಂಪನಿ ನ್ಯಾಯಾಲಯದ ಮೊರೆಹೊಕ್ಕು, 2018ರ ಡಿಸೆಂಬರಿನಲ್ಲಿ ಮಧ್ಯಂತರ ತಡೆಯಾಜ್ಞೆಯನ್ನೂ, 2019ರ ಡಿಸೆಂಬರ್ 31ರಂದು ಮೊಕದ್ದಮೆ ಮುಗಿಯುವವರೆಗೆ ಊರ್ಜಿತವಾಗಿರುವ ತಡೆಯಾಜ್ಞೆಯನ್ನೂ ಪಡೆಯಿತು.

ತಡೆಯಾಜ್ಞೆಯೆಂಬುದು ಇಂಗ್ಲಿಷ್ ನ್ಯಾಯಪರಂಪರೆಯ ಸಮನ್ಯಾಯ ಶಾಖೆಯಲ್ಲಿ ಹುಟ್ಟಿದ ಉಪಾಯ. ವ್ಯಾಜ್ಯ ತೀರುವಷ್ಟರಲ್ಲಿ ವ್ಯಾಜ್ಯದ ವಸ್ತುವೇ ಹಾಳಾಗಿಬಿಡಬಾರದೆಂಬುದು ಅದರ ಹಿಂದಿನ ವಿವೇಕ. ಅದನ್ನು ನೀಡುವ ಮುನ್ನ ನ್ಯಾಯಾಲಯವು ಮೂರು ಸಂಗತಿಗಳನ್ನು ನೋಡುತ್ತದೆ: ವಿಚಾರಣೆಗೆ ಯೋಗ್ಯವಾದ ಗಂಭೀರ ಪ್ರಶ್ನೆಯಿದೆಯೇ, ಆಜ್ಞೆ ದೊರೆಯದಿದ್ದರೆ ಅರ್ಜಿದಾರನಿಗೆ ತುಂಬಿಕೊಡಲಾಗದ ಹಾನಿಯಾಗುತ್ತದೆಯೇ, ಮತ್ತು ಎರಡು ಪಕ್ಷಗಳಲ್ಲಿ ಯಾರಿಗೆ ಆಗುವ ಅನಾನುಕೂಲ ಹೆಚ್ಚಿನದು. ಮೂಲನಿವಾಸಿಗಳ ವಿಷಯದಲ್ಲಿ ತಕ್ಕಡಿ ವಾಲುವುದು ಕೊನೆಯ ಎರಡು ಪರೀಕ್ಷೆಗಳಲ್ಲಿ. ಕಂಪನಿಯ ನಷ್ಟವನ್ನು ದಿನಕ್ಕಿಷ್ಟು ಡಾಲರೆಂದು ಲೆಕ್ಕಹಾಕಿ ಪ್ರಮಾಣಪತ್ರದಲ್ಲಿ ಬರೆಯಬಹುದು. ನದಿಯ ತಳವನ್ನು ಕೊರೆದರೆ, ಪೂರ್ವಿಕರು ಓಡಾಡಿದ ಕಾಲುದಾರಿಯನ್ನು ಬುಲ್ಡೋಜರ್ ಅಗೆದರೆ ಆಗುವ ನಷ್ಟಕ್ಕೆ ಅಂಥ ಅಂಕಿಯಿಲ್ಲ. ತುಂಬಿಕೊಡಲಾಗದ ಹಾನಿ ನಿಜಕ್ಕೂ ಆಗುವುದು ಈ ಎರಡನೆಯದರಲ್ಲಿ. ಹಣದ ನಷ್ಟವನ್ನು ಹಣದಿಂದಲೇ ತುಂಬಬಹುದೆಂಬುದು ಈ ಕಾನೂನಿನ ಹಳೆಯ ಪಾಠವೇ ಆಗಿದ್ದರೂ ಇಲ್ಲಿ ಅದು ಅನ್ವಯವಾಗಲಿಲ್ಲ. ಟೊರಾಂಟೊದ ಯೆಲ್ಲೊಹೆಡ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನವು ನೂರಕ್ಕೂ ಹೆಚ್ಚು ತಡೆಯಾಜ್ಞೆ ಪ್ರಕರಣಗಳನ್ನು ಪರಿಶೀಲಿಸಿ, ಮೂಲನಿವಾಸಿ ಸಮುದಾಯಗಳ ವಿರುದ್ಧ ಕಂಪನಿಗಳು ಕೇಳಿದ ಆಜ್ಞೆಗಳಲ್ಲಿ ಶೇ. 76ರಷ್ಟು ಮಂಜೂರಾದವೆಂದೂ, ಕಂಪನಿಗಳ ವಿರುದ್ಧ ಮೂಲನಿವಾಸಿಗಳು ಕೇಳಿದವುಗಳಲ್ಲಿ ಶೇ. 81ರಷ್ಟು ನಿರಾಕೃತವಾದವೆಂದೂ ತೋರಿಸಿತು. ಇಷ್ಟು ದೊಡ್ಡ ಅಂತರವನ್ನು ಬಿಡಿ ಪ್ರಕರಣಗಳ ಗುಣದೋಷಗಳಿಂದ ಮಾತ್ರ ವಿವರಿಸಲಾಗದು. ಅದರ ಬೇರು ಪರೀಕ್ಷೆಯ ಸ್ವರೂಪದಲ್ಲೇ ಇದೆ.

2019ರ ಆದೇಶದಲ್ಲಿ ಪ್ರಾಂತೀಯ ನ್ಯಾಯಾಲಯವು ಕೊಟ್ಟ ಮುಖ್ಯ ಕಾರಣವೆಂದರೆ, ಮೂಲನಿವಾಸಿಗಳ ರೂಢಿಗತ ಕಾನೂನು ಒಪ್ಪಂದದಿಂದಲೋ, ಶಾಸನದಿಂದಲೋ, ನ್ಯಾಯಾಲಯದ ಘೋಷಣೆಯಿಂದಲೋ ಮಾನ್ಯತೆ ಪಡೆಯುವವರೆಗೆ ಕೆನಡಾದ ಕಾನೂನಿನ ಜಾರಿಯೋಗ್ಯ ಭಾಗವಾಗದು ಎಂಬುದು. ತರ್ಕದ ದೃಷ್ಟಿಯಿಂದ ಇದನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಒಪ್ಪಂದ ಮಾಡಿಕೊಳ್ಳದಿದ್ದುದು ಪ್ರಭುತ್ವ, ಶಾಸನ ತರದಿದ್ದುದು ಶಾಸನಸಭೆ, ಘೋಷಣೆಯನ್ನು ಮುಂದೂಡಿದ್ದು ಸ್ವತಃ ನ್ಯಾಯಾಂಗ. ಮೂವರೂ ಮಾಡದೆ ಬಿಟ್ಟದ್ದರ ಭಾರವನ್ನು ಹೊರಬೇಕಾದವರು ಮಾತ್ರ ನಾಲ್ಕನೆಯವರು. 2014ರಲ್ಲಿ ಅದೇ ಪ್ರಾಂತ್ಯದ ಟ್ಸಿಲ್ಕೋಟಿನ್ ಜನಾಂಗವು ಸುಮಾರು 1,750 ಚದರ ಕಿಲೋಮೀಟರ್ ನೆಲಕ್ಕೆ ಕೆನಡಾದ ಚರಿತ್ರೆಯಲ್ಲೇ ಮೊದಲ ಬಾರಿಗೆ ಒಡೆತನದ ಘೋಷಣೆಯನ್ನು ಪಡೆದಾಗ, ಆ ಒಡೆತನ ಘೋಷಣೆಯಾಗುವುದಕ್ಕೆ ಮುಂಚೆಯೂ ಇದ್ದದ್ದೇ, ನ್ಯಾಯಾಲಯ ಅದನ್ನು ಸೃಷ್ಟಿಸಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಘೋಷಣೆಗೆ ಮುಂಚೆಯೇ ಇರುವ ಹಕ್ಕನ್ನು ಘೋಷಣೆಯಾಗಿಲ್ಲವೆಂಬ ಕಾರಣಕ್ಕೆ ಇಲ್ಲವೆಂಬಂತೆ ನಡೆಸಿಕೊಳ್ಳುವುದು ಹೇಗೆ ನ್ಯಾಯವೆನಿಸೀತು?

ತಡೆಯಾಜ್ಞೆಯ ಜಾರಿಗೆಂದು ಕೆನಡಾದ ಕೇಂದ್ರ ಪೊಲೀಸ್ ಪಡೆ ಮೂರು ಬಾರಿ ದೊಡ್ಡ ಕಾರ್ಯಾಚರಣೆ ನಡೆಸಿತು. 2019ರ ಜನವರಿ 7ರಂದು ಗಿಡಿಮ್‌ಟೆನ್ ಠಾಣೆಯಲ್ಲಿ 14 ಮಂದಿಯನ್ನು ಬಂಧಿಸಲಾಯಿತು. 2020ರ ಫೆಬ್ರುವರಿಯಲ್ಲಿ ಯುನಿಸ್ಟೋಟೆನ್ ನೆಲೆಯೊಳಕ್ಕೆ ಪೊಲೀಸರು ನುಗ್ಗಿ, ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳಿಗಾಗಿ ವಿಧಿಯಾಚರಣೆಯಲ್ಲಿ ತೊಡಗಿದ್ದ ಹಿರಿಯ ಸ್ತ್ರೀಯರನ್ನು ಎಳೆದೊಯ್ದರು. ಆ ತಿಂಗಳ ಕಾರ್ಯಾಚರಣೆಗೆ ಪ್ರತಿಯಾಗಿ ಸಾವಿರಾರು ಕಿಲೋಮೀಟರ್ ದೂರದ ಒಂಟಾರಿಯೊದಲ್ಲಿ ಮೊಹಾಕ್ ಜನರು ರೈಲುಮಾರ್ಗದ ಪಕ್ಕ ಬೀಡುಬಿಟ್ಟರು. ಪೂರ್ವ ಕೆನಡಾದ ರೈಲು ಸಂಚಾರ ವಾರಗಟ್ಟಲೆ ಅಸ್ತವ್ಯಸ್ತವಾಯಿತು. 2021ರ ನವೆಂಬರಿನ ಕಾರ್ಯಾಚರಣೆ ಆರಂಭವಾದದ್ದು ಪ್ರಾಂತ್ಯವು ಭೀಕರ ಪ್ರವಾಹದ ಕಾರಣ ತುರ್ತುಸ್ಥಿತಿ ಘೋಷಿಸಿದ ಮರುದಿನ. ಆ ಕಾರ್ಯಾಚರಣೆಯಲ್ಲಿ ಮರದ ಪುಟ್ಟ ಮನೆಯ ಬಾಗಿಲನ್ನು ಕೊಡಲಿಯಿಂದಲೂ ಯಾಂತ್ರಿಕ ಗರಗಸದಿಂದಲೂ ಒಡೆದು ಒಳಗಿದ್ದವರನ್ನು ಬಂಧಿಸಲಾಯಿತು. ವರದಿಗೆಂದು ಅಲ್ಲಿದ್ದ ಇಬ್ಬರು ಪತ್ರಕರ್ತರೂ ಬಂಧಿತರಲ್ಲಿ ಸೇರಿದ್ದರು.

2022ರಲ್ಲಿ ಪ್ರಾಂತ್ಯದ ಅಭಿಯೋಜನಾ ಇಲಾಖೆ ಹಲವರ ಮೇಲೆ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಆರೋಪ ಹೊರಿಸಲು ತೀರ್ಮಾನಿಸಿತು. ನ್ಯಾಯಾಲಯದ ಆಜ್ಞೆಯನ್ನು ಸುಮ್ಮನೆ ಪಾಲಿಸದಿರುವುದು ಸಿವಿಲ್ ನಿಂದನೆ; ಅದನ್ನು ಬಹಿರಂಗವಾಗಿ, ನ್ಯಾಯಾಲಯದ ಅಧಿಕಾರಕ್ಕೆ ಕುಂದು ಬರುವಂತೆ ಧಿಕ್ಕರಿಸುವುದು ಕ್ರಿಮಿನಲ್ ನಿಂದನೆ. ಕೆನಡಾದ ದಂಡಸಂಹಿತೆಯಲ್ಲಿ ಶಾಸನಸಭೆ ವ್ಯಾಖ್ಯಾನಿಸದೆ, ನ್ಯಾಯಾಧೀಶರ ರೂಢಿಯಿಂದಲೇ ಉಳಿದು ಬಂದಿರುವ ಏಕೈಕ ಅಪರಾಧವಿದು. ಇದರ ವಿಚಾರಣೆಗೆ ಇನ್ನೊಂದು ಕಟ್ಟುಪಾಡೂ ಇದೆ: ಆಜ್ಞೆ ಸರಿಯೋ ತಪ್ಪೋ ಎಂದು ಅಲ್ಲಿ ಕೇಳುವಂತಿಲ್ಲ, ಆಜ್ಞೆಯಿತ್ತೇ, ಆರೋಪಿಗೆ ಅದು ತಿಳಿದಿತ್ತೇ, ಅವನು ಅದನ್ನು ಬಹಿರಂಗವಾಗಿ ಧಿಕ್ಕರಿಸಿ ಮೀರಿದನೇ ಎಂಬಷ್ಟೇ ಪ್ರಶ್ನೆ. ಹೀಗಾಗಿ ತಡೆಯಾಜ್ಞೆಯ ಹಂತದಲ್ಲಿ ‘ಒಡೆತನದ ಪ್ರಶ್ನೆ ಮುಂದಿನ ವಿಚಾರಣೆಗೆ ಸೇರಿದ್ದು’ ಎಂದು ಬದಿಗೆ ಸರಿಸಲ್ಪಟ್ಟ ವಾದವು ನಿಂದನೆಯ ಹಂತದಲ್ಲಿ ‘ಅಪ್ರಸ್ತುತ’ವೆಂದು ಹೊರಗುಳಿಯುತ್ತದೆ. ಅಷ್ಟರಲ್ಲಿ ಕೊಳವೆ ನೆಲದೊಳಗೆ ಹೂತಿರುತ್ತದೆ. ವ್ಯಾಜ್ಯದ ವಸ್ತುವನ್ನು ಇದ್ದಂತೆ ಕಾಯಲು ಹುಟ್ಟಿದ ಆಜ್ಞೆಯೇ ಆ ವಸ್ತುವಿನ ರೂಪವನ್ನು ಶಾಶ್ವತವಾಗಿ ಬದಲಿಸುವ ಸಾಧನವಾಗುತ್ತದೆ.

ಲಿಖ್ಟ್ಸಮಿಸ್ಯು ಕುಲದ ಮುಖ್ಯಸ್ಥ ಡ್ಸ್ಟಾಹಿಲ್ ಅವರ ಪ್ರಕರಣ ಈ ಬಿಕ್ಕಟ್ಟನ್ನು ನೇರವಾಗಿ ಮುಂದಿಟ್ಟಿತು. ತಾವು ಮಾಡಿದ್ದು ಆಜ್ಞೆಯ ಉಲ್ಲಂಘನೆಯಲ್ಲ, ತಮ್ಮ ಜನಾಂಗದ ಅತಿಕ್ರಮಣ ಕಾನೂನಿನ ಪಾಲನೆ ಎಂದು ಅವರು ವಾದಿಸಿದರು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. 2024ರ ಜುಲೈಯಲ್ಲಿ 60 ದಿನಗಳ ಗೃಹಬಂಧನದ ಶಿಕ್ಷೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ಅವರನ್ನು ಕೆನಡಾದಲ್ಲಿ ತಾನು ಗುರುತಿಸಿದ ಮೊದಲ ‘ಆತ್ಮಸಾಕ್ಷಿಯ ಕೈದಿ’ ಎಂದು ಘೋಷಿಸಿತು. ಗಿಡಿಮ್‌ಟೆನ್ ಕುಲದ ಸ್ಲೇಡೋ ಮತ್ತು ಅವರ ಇಬ್ಬರು ಸಂಗಾತಿಗಳು 2024ರ ಜನವರಿಯಲ್ಲಿ ದೋಷಿಗಳೆಂದು ತೀರ್ಮಾನವಾದ ಮೇಲೆ, ಪೊಲೀಸರ ವರ್ತನೆಯೇ ನ್ಯಾಯಪ್ರಕ್ರಿಯೆಯ ದುರುಪಯೋಗವೆಂದು ಅವರು ಸಲ್ಲಿಸಿದ ಅರ್ಜಿಯ ವಿಚಾರಣೆ ನಡೆಯಿತು. ಕಾಣೆಯಾದ ಹೆಣ್ಣುಮಕ್ಕಳ ನೆನಪಿಗೆ ಮುಖದ ಮೇಲೆ ಕೆಂಪು ಹಸ್ತದ ಗುರುತು ಬಳಿದುಕೊಂಡಿದ್ದ ಸ್ತ್ರೀಯರನ್ನು ಪೊಲೀಸರು ಕಥೆಗಳ ರಾಕ್ಷಸರಿಗೆ ಹೋಲಿಸಿ ಆಡಿಕೊಂಡದ್ದು ಪೊಲೀಸರದೇ ಧ್ವನಿಮುದ್ರಣದಲ್ಲಿ ದಾಖಲಾಗಿತ್ತು. 2025ರ ಫೆಬ್ರುವರಿಯಲ್ಲಿ ನ್ಯಾಯಾಧೀಶರು ಆ ಮಾತುಗಳು ಜನಾಂಗದ್ವೇಷದವೆಂದೂ ಆರೋಪಿಗಳ ಸಂವಿಧಾನದತ್ತ ಹಕ್ಕಿಗೆ ಭಂಗ ತಂದವೆಂದೂ ಒಪ್ಪಿಕೊಂಡರು. ಆದರೆ ಮೊಕದ್ದಮೆಯನ್ನು ಕೈಬಿಡದೆ ಶಿಕ್ಷೆಯನ್ನು ಇಳಿಸುವುದಷ್ಟೇ ಪರಿಹಾರವೆಂದರು. ಪ್ರಭುತ್ವದ ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವನ್ನು ನ್ಯಾಯಾಲಯ ಇಲ್ಲಿ ತೋರಿತು, ಅದನ್ನು ಮೆಚ್ಚಬೇಕು; ಆದರೆ ಆ ತಪ್ಪಿಗೆ ಯಾವ ಪೊಲೀಸ್ ಪಡೆಯನ್ನು ಹೊಣೆ ಮಾಡಬೇಕಿತ್ತೋ ಅದಕ್ಕೆ ಈ ತೀರ್ಪಿನಿಂದ ಏನೂ ತಗುಲಲಿಲ್ಲ.

ಈ ವಾದಕ್ಕೆ ಬರುವ ಬಲವಾದ ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಪ್ರತಿಯೊಬ್ಬನೂ ತನಗೆ ಸರಿಕಂಡ ಆಜ್ಞೆಯನ್ನು ಮಾತ್ರ ಪಾಲಿಸುವುದಾದರೆ ನ್ಯಾಯಾಡಳಿತವೇ ಉಳಿಯದು, ಅದರಿಂದ ಮೊದಲು ಕೆಡುವುದು ಬಲಹೀನರ ಬದುಕೇ ಎಂಬ ಮಾತು ಹಗುರವಾದದ್ದಲ್ಲ. ಆದರೆ ವೆಟ್‌ಸುವೆಟೆನ್ ಮುಖ್ಯಸ್ಥರು ನ್ಯಾಯಾಲಯವನ್ನು ನಿರಾಕರಿಸಿದವರಲ್ಲ. ದೇಶದ ಅತ್ಯಂತ ದೀರ್ಘ ವಿಚಾರಣೆಗಳಲ್ಲೊಂದನ್ನು ನಡೆಸಿ, ತಮ್ಮ ಮನೆತನಗಳ ಹಾಡುಗಳನ್ನೂ ನ್ಯಾಯಾಲಯದ ಮುಂದೆ ತೆರೆದಿಟ್ಟವರು. ಆಜ್ಞಾಪಾಲನೆಯನ್ನು ಬಯಸುವ ನ್ಯಾಯವ್ಯವಸ್ಥೆಗೆ ತಾನೇ ಆದೇಶಿಸಿದ ವಿಚಾರಣೆಯನ್ನು ನಡೆಸುವ ಹೊಣೆಯೂ ಇದೆ. ಒಡೆತನದ ಗಂಭೀರ ಹಕ್ಕುಸಾಧನೆ ಬಾಕಿಯಿರುವ ನೆಲದ ಮೇಲೆ ತಡೆಯಾಜ್ಞೆ ಕೊಡುವುದಾದರೆ, ಒಡೆತನದ ವಿಚಾರಣೆಗೆ ದಿನ ಗೊತ್ತುಮಾಡುವುದನ್ನೂ, ಅಲ್ಲಿಯವರೆಗೆ ಸರಿಪಡಿಸಲಾಗದ ಕಾಮಗಾರಿಯನ್ನು ನಿಲ್ಲಿಸುವುದನ್ನೂ ಆ ಆಜ್ಞೆಯ ಷರತ್ತಾಗಿಸಬೇಕೆಂಬುದು ಅತಿರೇಕದ ಬೇಡಿಕೆಯಲ್ಲ, ಸಮನ್ಯಾಯದ ಮೂಲ ತತ್ತ್ವಕ್ಕೆ ಮರಳುವ ಬೇಡಿಕೆ.

ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯು ಇಂಥ ಯೋಜನೆಗಳ ವಿಷಯದಲ್ಲಿ ಮುಕ್ತವಾದ, ಮುಂಚಿತವಾದ, ವಿಷಯವರಿತ ಸಮ್ಮತಿಯ ತತ್ತ್ವವನ್ನು ಎತ್ತಿಹಿಡಿಯುತ್ತದೆ. ಅದರ ವಿರುದ್ಧ ಮತ ಹಾಕಿದ ನಾಲ್ಕು ದೇಶಗಳಲ್ಲಿ ಕೆನಡಾ ಒಂದಾಗಿತ್ತು. ನಿಲುವು ಬದಲಾದ ಮೇಲೆ ಬ್ರಿಟಿಷ್ ಕೊಲಂಬಿಯಾ 2019ರಲ್ಲಿ, ಕೆನಡಾ ಒಕ್ಕೂಟ 2021ರಲ್ಲಿ ಅದನ್ನು ತಮ್ಮ ಶಾಸನದೊಳಕ್ಕೆ ತಂದವು. ಪ್ರಾಂತ್ಯದ ಶಾಸನ ಬಂದ ತಿಂಗಳೊಪ್ಪತ್ತಿನಲ್ಲೇ ಮೇಲೆ ಹೇಳಿದ 2019ರ ತಡೆಯಾಜ್ಞೆ ಹೊರಟಿತು. ಭಾರತವು ಆ ಘೋಷಣೆಯ ಪರವಾಗಿ ಮತ ಹಾಕಿದ ದೇಶ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಆಧಾರದ ಮೇಲೆ ಭಾರತದ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಒಡಿಶಾದ ನಿಯಮಗಿರಿಯ ಗಣಿ ಪ್ರಶ್ನೆಯನ್ನು ಡೋಂಗ್ರಿಯಾ ಕೊಂಧರ ಗ್ರಾಮಸಭೆಗಳ ಮುಂದೆ ಇಡಿಸಿದಾಗ ಹನ್ನೆರಡೂ ಗ್ರಾಮಸಭೆಗಳು ಗಣಿಯನ್ನು ತಿರಸ್ಕರಿಸಿದವು. ಕಾಮಗಾರಿಗೆ ಮುಂಚೆಯೇ ಹಕ್ಕುದಾರರನ್ನು ಕೇಳುವ ಈ ಕ್ರಮ ಕೆನಡಾದಲ್ಲಿ ನಡೆದುದಕ್ಕಿಂತ ನಿಸ್ಸಂದೇಹವಾಗಿ ಮೇಲು. ಆದರೂ ಅದೇ ಭಾರತದ ನಿರ್ದಿಷ್ಟ ಪರಿಹಾರ ಕಾಯಿದೆಗೆ 2018ರಲ್ಲಿ ತಂದ ತಿದ್ದುಪಡಿಯು, ಅನಿಲ ಕೊಳವೆಮಾರ್ಗಗಳೂ ಸೇರಿದ ಮೂಲಸೌಕರ್ಯ ಯೋಜನೆಗಳ ಕರಾರಿಗೆ ಸಂಬಂಧಿಸಿದ ದಾವೆಗಳಲ್ಲಿ ಕಾಮಗಾರಿಗೆ ವಿಳಂಬವಾಗುವಂಥ ತಡೆಯಾಜ್ಞೆಯನ್ನು ಕೊಡಕೂಡದೆಂದು ನ್ಯಾಯಾಲಯಗಳ ಕೈ ಕಟ್ಟಿದೆ. ಬೆಳಗಾವಿ, ಧಾರವಾಡಗಳ ಮೂಲಕ ದಾಭೋಳ್–ಬೆಂಗಳೂರು ಅನಿಲ ಕೊಳವೆ ಹಾದುಹೋಗಿರುವ ಕರ್ನಾಟಕದ ಓದುಗರಿಗೂ, ಒಂದೇ ಇಂಗ್ಲಿಷ್ ಮೂಲದಿಂದ ಬಂದ ಈ ಕಾನೂನು ಎರಡು ದೇಶಗಳಲ್ಲಿ ಯಾವ ಕಡೆಗೆ ಬಾಗುತ್ತಿದೆ ಎಂಬುದು ದೂರದ ಸಂಗತಿಯಲ್ಲ.

ಕೋಸ್ಟಲ್ ಗ್ಯಾಸ್‌ಲಿಂಕ್ ಕಾಮಗಾರಿ 2023ರ ಕೊನೆಗೆ ಮುಗಿಯಿತು. ಮೊದಲಿಗೆ 620 ಕೋಟಿ ಕೆನಡಾ ಡಾಲರೆಂದು ಅಂದಾಜಾಗಿದ್ದ ವೆಚ್ಚ ಸುಮಾರು 1,450 ಕೋಟಿಗೆ ಏರಿತ್ತು. 2025ರ ಬೇಸಿಗೆಯಲ್ಲಿ ದ್ರವೀಕೃತ ಅನಿಲದ ಮೊದಲ ಹಡಗು ಕಿಟಿಮ್ಯಾಟ್ ಬಂದರನ್ನು ಬಿಟ್ಟಿತು. ಒಡೆತನದ ಮಾನ್ಯತೆಗಾಗಿ ಮುಖ್ಯಸ್ಥರು ಎರಡೂ ಸರ್ಕಾರಗಳೊಡನೆ 2020ರ ಮೇ ತಿಂಗಳಲ್ಲಿ ಮಾಡಿಕೊಂಡ ತಿಳಿವಳಿಕೆ ಪತ್ರ ಆ ಪ್ರಶ್ನೆಯನ್ನು ಕೊನೆಗಾಣಿಸಲಿಲ್ಲ. ಈ ನಡುವೆ ಡೆಲ್ಗಮೂಕ್ವ್ ದಾವೆಯ ಇನ್ನೊಂದು ಪಕ್ಷವಾಗಿದ್ದ ಗಿಟ್ಕ್ಸನ್ ಜನರ ಸೀಮೆಯ ಮೂಲಕ ಪ್ರಿನ್ಸ್ ರೂಪರ್ಟ್ ಅನಿಲ ಸಾಗಣೆ ಮಾರ್ಗವೆಂಬ ಹೊಸ ಕೊಳವೆ ಹಾಯಲಿದೆ. 2024ರಲ್ಲಿ ಅದನ್ನು ಕೊಂಡವರಲ್ಲಿ ಒಂದು ಪಾಲುದಾರ ನಿಸ್ಗಾ ಎಂಬ ನೆರೆಯ ಮೂಲನಿವಾಸಿ ಜನಾಂಗದ ಸರ್ಕಾರವೇ ಆಗಿದ್ದು, ಅದು ಒಪ್ಪಂದದ ಮೂಲಕ 2000ದಿಂದಲೇ ತನ್ನ ನೆಲದ ಸ್ವಾಯತ್ತ ಆಡಳಿತವನ್ನು ಪಡೆದಿದೆ. 2024ರ ಆಗಸ್ಟಿನಲ್ಲಿ ಗಿಟನ್ಯಾವ್ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯದ ಮುಖ್ಯಸ್ಥರು ತಾವು ಹಿಂದೊಮ್ಮೆ ಆ ಯೋಜನೆಗೆ ಸಹಿ ಹಾಕಿದ್ದ ಒಪ್ಪಂದದ ಪತ್ರವನ್ನು ಬಹಿರಂಗವಾಗಿ ಸುಟ್ಟು, ತಮ್ಮ ಸೀಮೆಯ ರಸ್ತೆಯನ್ನು ಮುಚ್ಚಿದರು. ಇನ್ನು ಗಿಟ್ಕ್ಸನ್ ಸೀಮೆಗೂ ತಡೆಯಾಜ್ಞೆ ಬಂದರೆ, 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರುವಿಚಾರಣೆಗೆ ಬಿಟ್ಟ ನೆಲದ ಉಳಿದ ಭಾಗದಲ್ಲಿಯೂ, ಮೂಲ ದಾವೆಯನ್ನು ಕೇಳುವುದಕ್ಕೆ ಮೊದಲೇ, ವಾದಿಗಳ ಮಕ್ಕಳು ಆರೋಪಿಗಳ ಕಟಕಟೆಯನ್ನು ಹತ್ತಬೇಕಾಗುತ್ತದೆ.